ಬಿಳಿ ಅರಿಶಿನ

ಗುರುವಾರ ಬೆಳಿಗ್ಗೆ ಹುಳಿಗೆ ಹಾಕಲೆಂದು ಅರಿಶಿನದ ಡಬ್ಬಿ ತೆರೆದರೆ ಒಳಗೆ ಅಕ್ಕಿಹಿಟ್ಟು ಇತ್ತು. ಮಗಳು ಕುಸುಮಳೇ ಆಟಕ್ಕೆ ಬದಲಾಯಿಸಿಟ್ಟಿರಬೇಕೆಂದು ಒಂದು ಚಿಟಿಕೆ ತೆಗೆದು ಮೂಸಿದೆ. ಅರಿಶಿನದ್ದೇ ವಾಸನೆ. ನಾಲಿಗೆಗೆ ಇಟ್ಟುಕೊಂಡೆ, ಅದೇ ಕಹಿ. ತೊಗರಿಬೇಳೆಯ ಡಬ್ಬ ತೆಗೆದೆ. ಉದ್ದಿನಬೇಳೆಯ ಹಾಗೆ ಬೆಳ್ಳಗಿತ್ತು. ಗೂಟಕ್ಕೆ ತೂಗುಹಾಕಿದ್ದ ಬಾಳೆಚಿಪ್ಪು ಸುಣ್ಣ ಬಳಿದಂತಿತ್ತು. ದೇವರ ಮುಂದಿನ ದೀಪದ ಕುಡಿ ಹಾಲಿನ ಹನಿಯ ಹಾಗೆ ನಿಂತಿತ್ತು. ಕೊನೆಗೆ ಕೊರಳಿಗೆ ಕೈ ಹಾಕಿ ತಾಳಿದಾರವನ್ನು ಹೊರಗೆಳೆದೆ. ಬಿಳಿ ನೂಲು. ತಾಳಿ ಮಾತ್ರ ಮೊದಲಿನಂತೆಯೇ ಹೊಳೆಯುತ್ತಿತ್ತು. ಚಿನ್ನದ ತಂಟೆಗೆ ಹಳದಿ ಜ್ವರ ಹೋಗುವುದಿಲ್ಲ, ಯಾಕೆಂದು ಯಾರಿಗೂ ಗೊತ್ತಿಲ್ಲ.

ನಮ್ಮ ಅತ್ತೆ ಹಿತ್ತಲಿನಿಂದ ಬಂದವರು ನನ್ನ ಕೊರಳು ನೋಡಿ ಚೊಂಬು ಕೆಳಗಿಟ್ಟರು. "ಸೆರಗು ಮುಚ್ಕೋ ಮೊದ್ಲು. ನೋಡಕ್ಕಾಗಲ್ಲ" ಅಂದರು. ಆಮೇಲೆ, "ಯಾರಿಗೆ?" ಅಂದರು.

ಈ ಊರಿನಲ್ಲಿ ಅದೊಂದೇ ಪ್ರಶ್ನೆ. ನಾನು ಅಳಿವೆಯ ಆಚೆ ದಡದಿಂದ ಮದುವೆಯಾಗಿ ಬಂದವಳು. ಬಂದ ಹೊಸದರಲ್ಲಿ ಅತ್ತೆ ನನಗೆ ಕಲಿಸಿದ್ದು ಅಡುಗೆಯನ್ನಲ್ಲ, ಬೆಳಿಗ್ಗೆ ಎದ್ದ ಕೂಡಲೇ ಡಬ್ಬಿ ನೋಡುವುದನ್ನು. ಹಳದಿ ಜ್ವರ ಯಾರ ಮೈ ಹೊಕ್ಕರೂ ಆ ಮನೆಯ ಕಾಂಪೌಂಡಿನ ಒಳಗಿರುವ ಹಳದಿಯೆಲ್ಲ ಬೆಳ್ಳಗಾಗುತ್ತದೆ, ಜ್ವರದವರ ಕಣ್ಣಿನ ಹಳದಿಯೊಂದನ್ನು ಬಿಟ್ಟು. ಜ್ವರದವರು ಗೇಟು ದಾಟಿ ಹೋದರೆ, ವಾಸಿಯಾದರೆ ಅಥವಾ ತೀರಿಕೊಂಡರೆ ಬಣ್ಣ ತಿರುಗಿ ಬರುತ್ತದೆ. ಜ್ವರದ ಕಾಲದಲ್ಲಿ ಅಂಗಡಿಯವರು ನಿಂಬೆಹಣ್ಣನ್ನು ಮುಟ್ಟಿ ನೋಡಿ ಮಾರುತ್ತಾರೆ, ಮದುವೆಮನೆಯವರು ಚೆಂಡುಹೂವಿನ ಬದಲು ಕನಕಾಂಬರ ಕಟ್ಟುತ್ತಾರೆ. ಎಲ್ಲರಿಗೂ ಅಭ್ಯಾಸವಾಗಿದೆ. ಅಭ್ಯಾಸವಾಗದಿರುವುದು ದಿಬ್ಬದ ಮನೆ ಮಾತ್ರ. ಬಿಳುಪು ಬಿದ್ದ ಮನೆಯಿಂದ ಒಬ್ಬರ ಹೆಸರನ್ನು ಗೇಟಿನ ಮುಂದೆ ಮೂರು ಸಲ ಕೂಗುತ್ತಾರೆ. ಅವರು ಊರ ಹೊರಗಿನ ದಿಬ್ಬ ಹತ್ತಿ ಹೋಗಬೇಕು. ಅಲ್ಲಿಗೆ ಹೋದವರಲ್ಲಿ ಕೆಲವರು ಇಳಿದು ಬರುತ್ತಾರೆ. ಜೊತೆಗೆ ಯಾರೂ ಹೋಗುವಂತಿಲ್ಲ, ತಾಯಿ ಕೂಡ.

ಈ ಜ್ವರ ಒಬ್ಬರಿಗೆ ಒಂದೇ ಸಲ ಬರುತ್ತದೆ. ಅತ್ತೆಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆ, ನಮ್ಮ ಮನೆಯವರಿಗೂ ಮದುವೆಗೆ ಮೊದಲೇ ಬಂದು ಹೋಗಿದೆ. ಉಳಿದದ್ದು ನಾನು ಮತ್ತು ನನ್ನ ಮಗಳು ಕುಸುಮ. ಅವಳಿಗೆ ಈಗ ಆರು ವರ್ಷ. ನನಗೆ ತಲೆನೋವೂ ಇರಲಿಲ್ಲ. ಕುಸುಮ ಇನ್ನೂ ಮಲಗಿದ್ದಳು. ಹೋಗಿ ಹಣೆ ಮುಟ್ಟಿದೆ. ಬೆಚ್ಚಗಿತ್ತು. ನಿದ್ದೆಯ ಬಿಸುಪೋ, ಹಿಂದಿನ ದಿನ ಮಾವಿನಕಾಯಿ ತಿಂದದ್ದಕ್ಕೋ, ಅದಕ್ಕೋ ತಿಳಿಯಲಿಲ್ಲ. ಅಂಗೈ ಬಿಟ್ಟು ಕೈಯ ಹಿಂಬದಿಯಿಂದ ಮುಟ್ಟಿದೆ, ಕೆನ್ನೆಯಿಂದ ಮುಟ್ಟಿದೆ. ಮುಟ್ಟಿದಷ್ಟೂ ಗೊತ್ತಾಗುವುದು ಕಡಿಮೆಯಾಯಿತು.

ಡಬ್ಬಿ ನೋಡುವ ಶಾಂತಪ್ಪನವರು ಎಂದಿನಂತೆ ಬಂದು ಗೇಟಿನಾಚೆ ನಿಂತರು. ಡಬ್ಬಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇದೇನಮ್ಮ, ಜ್ವರ ತರೋ ಹಡಗು ಯಾವುದೂ ಬಂದಿಲ್ಲ, ಊರಲ್ಲಿ ಒಬ್ಬರಿಗೂ ಜ್ವರ ಇಲ್ಲ, ನಿಮ್ಮನೇಲಿ ಶುರುವಾಯ್ತಾ?" ಅಂದರು. "ಯಾರಿಗೂ ಏನೂ ಆಗಿಲ್ಲ ಶಾಂತಪ್ಪನವ್ರೇ. ನೀವೇ ನೋಡಿ, ಎಲ್ಲರೂ ಗಟ್ಟಿಯಾಗಿದೀವಿ" ಅಂದೆ. ಅವರು ನಿಟ್ಟುಸಿರು ಬಿಟ್ಟರು. "ಅರಿಶಿನ ಸುಳ್ಳು ಹೇಳಲ್ಲ ತಾಯಿ. ಭಾನುವಾರ ಸಂಜೆ ಬರ್ತೀನಿ. ಹೆಸರು ನೀವೇ ಹೇಳ್ಬೇಕು, ನಾನಾಗಿ ಯಾರ ಹೆಸರೂ ಕೂಗಲ್ಲ. ಅಲ್ಲೀವರೆಗೂ ಯಾರೂ ಗೇಟು ದಾಟ್ಬೇಡಿ." ಗೇಟಿಗೆ ಹುರಿ ಕಟ್ಟಿ ಹೋದರು.

ನಾನೇ ಹೋಗುತ್ತೇನೆಂದೆ. ನಮ್ಮ ಮನೆಯವರು ಗೋಡೆ ಕಡೆ ತಿರುಗಿದರು. ಅವರು ದೋಣಿಗಳಿಗೆ ಡಾಂಬರು ಬಳಿಯುವವರು, ಮಾತು ಕಡಿಮೆ. ಅತ್ತೆ ಹೇಳಿದರು: "ನೀನು ಹೋಗು. ಹೋದ್ಮೇಲೂ ಅರಿಶಿನ ಬಿಳೀನೇ ಇದ್ರೆ? ಅವಾಗ ಇವಳನ್ನೂ ಕಳಿಸ್ಬೇಕು. ನಿಂಗೆ ಇಲ್ಲದ ಜ್ವರ ಅಲ್ಲಿ ಹತ್ಕೊಳತ್ತೆ, ಇವಳಿಗೆ ಇರೋ ಜ್ವರ ಹೋಗಲ್ಲ. ಇಬ್ರನ್ನೂ ಕಳ್ಕೊಂಡು ನಾನೂ ನನ್ನ ಮಗನೂ ಬಿಳಿ ಬೇಳೆ ಬೇಯಿಸ್ಕೊಂಡು ಕೂರೋದಾ? ಮೈ ಬೆಚ್ಚಗಿರೋದು ಯಾರದ್ದು, ಹೇಳು." ಅವರು ಕೆಟ್ಟವರಲ್ಲ. ಹಾಗೆ ಹೇಳುವಾಗ ಕುಸುಮಳ ತಲೆ ಸವರುತ್ತಲೇ ಇದ್ದರು.

ಹಳದಿಯಾಗಿದೆಯೋ ಇಲ್ಲವೋ ನೋಡಿದರೆ ಮುಗಿಯಿತಲ್ಲ ಎಂದು ಮಗುವನ್ನು ಕಿಟಕಿಗೆ ಕರೆದುಕೊಂಡು ಹೋಗಿ ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಬಿಳಿಯೇ. ಮತ್ತೆ ನೋಡಿದೆ. ಅಷ್ಟೇನೂ ಬಿಳಿಯಲ್ಲ. ಯಾವುದಕ್ಕೆ ಹೋಲಿಸಲಿ? ಮನೆಯಲ್ಲಿ ಹಳದಿ ಎನ್ನುವುದೇ ಉಳಿದಿರಲಿಲ್ಲ. ಹಳದಿ ಹೇಗಿರುತ್ತದೆ ಎಂದು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರೆ ಬೆಳ್ಳಗಿನ ಬೇಳೆಯೇ ಕಾಣಿಸುತ್ತಿತ್ತು. "ಅಮ್ಮ, ಕಣ್ಣು ಉರಿಯತ್ತೆ" ಎಂದು ಕುಸುಮ ಕೊಸರಿಕೊಂಡಳು. ಉರಿಯುವುದು ನಾನು ಎಳೆದದ್ದಕ್ಕೋ, ಅದಕ್ಕೋ.

ಪಕ್ಕದ ಮನೆಯ ಜೈನಾಬಿಯನ್ನು ಗೋಡೆಯ ಹತ್ತಿರ ಕರೆದೆ. ನಮ್ಮಿಬ್ಬರ ಹಿತ್ತಲ ನಡುವೆ ಎದೆಮಟ್ಟದ ಗೋಡೆ, ಗೋಡೆಯ ಮೇಲೇ ಬೆಳೆದಂತಿರುವ ಒಂದು ದೊಡ್ಡ ಬಾದಾಮಿ ಮರ. ಅವಳು ಒಂದು ಚೆಂಡುಹೂ ಕಿತ್ತು ತಂದು ಚಾಚಿದಳು. ಹೂ ಗೋಡೆ ದಾಟುತ್ತಿದ್ದ ಹಾಗೆ ಮುಂದಿನ ಅರ್ಧ ಬೆಳ್ಳಗಾಯಿತು. ಹಿಂದಕ್ಕೆ ಎಳೆದುಕೊಂಡಳು, ಹಳದಿಯಾಯಿತು. ಕುಸುಮಳನ್ನು ಎತ್ತಿ ಗೋಡೆಯ ಅಂಚಿನವರೆಗೆ ಹಿಡಿದೆ. ಜೈನಾಬಿ ತನ್ನ ಕಡೆಯಲ್ಲೇ ಹೂ ಹಿಡಿದುಕೊಂಡು ಒಮ್ಮೆ ಹೂವನ್ನೂ ಒಮ್ಮೆ ಕಣ್ಣನ್ನೂ ನೋಡಿದಳು. "ಇಲ್ಲ ಪದ್ದಕ್ಕ, ಬೆಳ್ಳಗಿದೆ. ಸ್ವಲ್ಪ ಈ ಕಡೆ ತಿರುಗಿಸು. ಮೂಲೇಲಿ... ಅದು ಬಿಸಿಲಿರ್ಬೇಕು. ಅಯ್ಯೋ, ನನ್ನ ಕಣ್ಣೇ ಸರಿಯಿಲ್ಲ ಕಣಕ್ಕ, ನನ್ನ ಕೇಳ್ಬೇಡ" ಎಂದು ಹೂವನ್ನು ಕೆಳಗೆ ಹಾಕಿ ಒಳಗೆ ಹೋದಳು.

ಮಧ್ಯಾಹ್ನ ಡಾಕ್ಟರ್ ಅಹಲ್ಯಾ ಬಂದರು. ಈ ಜ್ವರವನ್ನು ಓದಲೆಂದೇ ಊರಿಗೆ ಬಂದು ಕೂತವರು ಅವರು. ಬಿಳುಪು ಬಿದ್ದ ಮನೆಗಳಿಗೆ ಹೋಗಿ ಬರಲು ಪಂಚಾಯ್ತಿಯವರು ಅವರೊಬ್ಬರಿಗೆ ಮಾತ್ರ ಅಪ್ಪಣೆ ಕೊಟ್ಟಿದ್ದಾರೆ. ಬೇಸಗೆಯಲ್ಲೂ ತುಂಬುತೋಳಿನ ರವಿಕೆ, ಕಾಲುಚೀಲ. ಹೋದ ವರ್ಷ ದಿಬ್ಬದಲ್ಲಿ ತೀರಿಕೊಂಡವರ ಒಗೆಯದ ಹಾಸಿಗೆ ತರಿಸಿ, ಸೊಳ್ಳೆ ಬಾರದಂತೆ ಬಲೆ ಹೊಡೆದ ಕೋಣೆಯಲ್ಲಿ ಅದರ ಮೇಲೇ ಮಲಗಿ ಎದ್ದಿದ್ದರು. ಅವರಿಗೆ ಏನೂ ಆಗಲಿಲ್ಲ. ಬಟ್ಟೆಯಿಂದ ಜ್ವರ ಹರಡುವುದಿಲ್ಲವೆಂದು ಅವರು, ಡಾಕ್ಟರಮ್ಮನ ನಕ್ಷತ್ರ ಗಟ್ಟಿಯೆಂದು ಊರು.

"ನಿಮ್ಮ ಮನೆಯವ್ರಿಗೆ ಹೇಗಿದೆ?" ಎಂದು ಕೇಳಿದರು. "ಕೆಲಸಕ್ಕೆ ಹೋಗೋ ಹಾಗಿಲ್ವಲ್ಲ, ಸಿಡಿಸಿಡಿ ಅಂತಿದಾರೆ. ಊಟ ಮಾಡಿ ಮಲಗಿದಾರೆ" ಅಂದೆ. "ಅವರಲ್ಲಮ್ಮ, ಮನೇಲಿರೋರೆಲ್ಲಾ!" ಎಂದು ಅವರು ನಕ್ಕರು. ನಾನೂ ನಕ್ಕೆ, ಆಮೇಲೆ ಅಳು ಬಂತು. ಅವರು ಕುಸುಮಳ ನಾಡಿ ನೋಡಿದರು, ಹೊಟ್ಟೆ ಒತ್ತಿದರು, ಸೊಂಟ ನೋಯುತ್ತಾ ಎಂದು ಕೇಳಿದರು. ಕುಸುಮ ಯಾವುದಕ್ಕೂ ಹೂಂ ಅನ್ನುವ ಹುಡುಗಿ. "ಹೂಂ" ಅಂದಳು. "ಈ ಜ್ವರಕ್ಕೆ ಒಂದು ಕೆಟ್ಟ ಬುದ್ಧಿ ಇದೆ" ಅಂದರು ಡಾಕ್ಟರಮ್ಮ. "ಬಂದು, ಬಿಟ್ಟು ಹೋದ ಹಾಗೆ ಆಗಿ, ಒಂದು ದಿನ ಮಕ್ಕಳು ಆಡ್ಕೊಂಡಿರ್ತಾರೆ. ಆಮೇಲೆ ಮತ್ತೆ ತಿರುಗಿ ಬರತ್ತೆ." ಹಾಗಾದರೆ ಹುಷಾರಾಗಿರುವುದೂ ಜ್ವರದ ಲಕ್ಷಣವೇ ಎಂದು ಕೇಳಿದೆ. "ಕೆಲವು ಸಲ" ಅಂದರು. ಅದನ್ನು ಕೇಳಬಾರದಿತ್ತು.

ಆಮೇಲೆ ಅವರು ಮನೆಯಲ್ಲಿದ್ದ ನೀರನ್ನೆಲ್ಲ ಹುಡುಕಲು ಶುರುಮಾಡಿದರು. ಹೂವಿನ ಕುಂಡದ ತಟ್ಟೆ, ಕೋಳಿ ನೀರಿನ ಬಾಂಡ್ಲಿ, ಕೊನೆಗೆ ಕುಸುಮಳ ಮಂಚದ ಕಾಲುಗಳಿಗೆ ನಾನು ಇಟ್ಟಿದ್ದ ನೀರಿನ ಬಟ್ಟಲುಗಳು. ಮಗು ಬಾಯಿಗೆ ಬೆಲ್ಲ ಹಾಕಿಕೊಂಡೇ ನಿದ್ದೆ ಹೋಗುತ್ತದೆ, ಇರುವೆ ಹತ್ತದಿರಲೆಂದು ಇಡುತ್ತಿದ್ದೆ. ಅವರು ಒಂದು ಬಟ್ಟಲನ್ನು ಬೆಳಕಿಗೆ ಹಿಡಿದರು. ನೀರಿನಲ್ಲಿ ಸಣ್ಣ ಹುಳುಗಳು ಬಾಲ ಮೇಲೆ ಮಾಡಿ ಕುಣಿಯುತ್ತಿದ್ದವು. "ಇರುವೆಯಿಂದ ಕಾಪಾಡಿ ಸೊಳ್ಳೆಗೆ ಕೊಟ್ಟಿದೀರಿ" ಎಂದು ಮೆಲ್ಲಗೆ ಹೇಳಿ ಅಂಗಳಕ್ಕೆ ಚೆಲ್ಲಿದರು. ನನ್ನ ಕೈಯಿಂದ ನಾನೇ ಪ್ರತಿದಿನ ತುಂಬಿಸಿದ ನೀರು ಅದು. "ನಂಗೆ ಗೊತ್ತಿರ್ಲಿಲ್ಲ" ಅಂದೆ. "ಯಾರಿಗೂ ಗೊತ್ತಿರ್ಲಿಲ್ಲಮ್ಮ. ದೂರದ ದೇಶದ ದೊಡ್ಡ ಆಸ್ಪತ್ರೇಲೇ ರೋಗಿಗಳ ಮಂಚಕ್ಕೆ ಹೀಗೇ ಬಟ್ಟಲು ಇಡ್ತಿದ್ರು."

ಅತ್ತೆಗೆ ಸೊಳ್ಳೆಯ ಮಾತು ಹಿಡಿಸಲಿಲ್ಲ. "ಒಂದು ಸೊಳ್ಳೆ ಮನುಷ್ಯನ್ನ ಹಳದಿ ಮಾಡತ್ತಾ?" ಅಂದರು. ಡಾಕ್ಟರಮ್ಮ ಕಂಬಕ್ಕೆ ಒರಗಿ ಕೂತು ಹೇಳಿದರು: "ಮೊದಲು ಕೊಳೆತ ಕಾಫಿಬೀಜದ ವಾಸನೆಯಿಂದ ಬರತ್ತೆ ಅಂದ್ರು. ಗಾಳಿ ಕೆಟ್ಟಿದೆ ಅಂತ ತೋಪು ಹಾರಿಸಿದ್ರು, ಬೀದಿಬೀದೀಲಿ ಡಾಂಬರು ಸುಟ್ರು. ಸೊಳ್ಳೆ ಅಂತ ಒಬ್ರು ಡಾಕ್ಟರು ಹೇಳಿದ್ದಕ್ಕೆ ಇಪ್ಪತ್ತು ವರ್ಷ ಜನ ನಕ್ರು. ಆಮೇಲೆ ಬೇರೆಯವರು ಪರೀಕ್ಷೆಗೆ ಇಳಿದ್ರು. ಒಬ್ಬರಿಗೆ ಸೊಳ್ಳೆ ಕಚ್ತು, ತೀರಿಕೊಂಡ್ರು." ಅತ್ತೆ, "ಸತ್ತು ತೋರಿಸ್ಬೇಕಾಯ್ತಾ ಇದನ್ನ?" ಅಂದರು. ಡಾಕ್ಟರಮ್ಮ ತಲೆಯಾಡಿಸಿದರು. "ಆದ್ರೂ ನಂಗೆ ಒಂದು ಅರ್ಥ ಆಗ್ತಿಲ್ಲ. ಸೊಳ್ಳೆ ತಾನಾಗಿ ಜ್ವರ ಹುಟ್ಟಿಸಲ್ಲ. ಯಾರ ಮೈಯಿಂದಾದ್ರೂ ಹೀರ್ಕೊಂಡು ಬರ್ಬೇಕು. ಊರಲ್ಲಿ ಜ್ವರದವರೇ ಇಲ್ಲ. ಹಾಗಾದ್ರೆ ಇದು ಎಲ್ಲಿತ್ತು?" ಓದಿದವರೂ ನಮ್ಮ ಹಾಗೆಯೇ ಕಂಬಕ್ಕೆ ಒರಗಿ ಕೂರುತ್ತಾರೆಂದು ನನಗೆ ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು.

ಶುಕ್ರವಾರ ಬೆಳಿಗ್ಗೆ ಡಬ್ಬಿ ತೆರೆದೆ. ಅರಿಶಿನ ಹಳದಿಯಾಗಿತ್ತು! ಡಬ್ಬಿ ಹಿಡಿದುಕೊಂಡು ಅಂಗಳಕ್ಕೆ ಓಡಿದೆ. ಅಷ್ಟರಲ್ಲಿ ಪಕ್ಕದಿಂದ ಜೈನಾಬಿಯ ಕೂಗು ಕೇಳಿಸಿತು. "ಪದ್ದಕ್ಕ! ನಿಮ್ಮ ಬಿಳುಪು ನಮ್ಮನೆಗೆ ತೂರಿದ್ರಾ? ನಮ್ಮ ಮುನ್ನಿಯ ಹಳದಿ ಲಂಗ ಹೆಣದ ಕಫನಿನ ಹಾಗೆ ಆಗಿದೆ ನೋಡಿ ಬನ್ನಿ!" ಶಾಂತಪ್ಪನವರು ಬಂದು ಎರಡೂ ಡಬ್ಬಿ ನೋಡಿದರು. ನಮ್ಮ ಗೇಟಿನ ಹುರಿ ಬಿಚ್ಚಿ ಅವರ ಗೇಟಿಗೆ ಕಟ್ಟುತ್ತಿರುವಾಗಲೇ ಮುನ್ನಿಯ ಲಂಗ ಹಳದಿಯಾಯಿತು, ನನ್ನ ಕೈಯಲ್ಲಿದ್ದ ಡಬ್ಬಿ ಬೆಳ್ಳಗಾಯಿತು. ಶಾಂತಪ್ಪನವರು ಹುರಿಯನ್ನು ಕೈಯಲ್ಲಿ ಹಿಡಿದುಕೊಂಡು ಬೀದಿಯ ಮಧ್ಯೆ ನಿಂತರು. "ನಮ್ಮಪ್ಪನ ಕಾಲದಿಂದ ಡಬ್ಬಿ ನೋಡಿದೀವಿ. ಇಂಥದ್ದು ಇಲ್ಲ" ಅಂದರು. ಯೋಚಿಸಿ ಯೋಚಿಸಿ ಕೊನೆಗೆ, "ಮಗು ಗೋಡೆ ಹಾರಿ ಆಡಕ್ಕೆ ಹೋಗಿತ್ತಾ?" ಎಂದು ಕೇಳಿದರು.

ಎಲ್ಲರೂ ಕುಸುಮಳನ್ನು ನೋಡಿದರು. ಅವಳೂ ಮುನ್ನಿಯೂ ದಿನಕ್ಕೆ ಹತ್ತು ಸಲ ಆ ಗೋಡೆ ಹಾರುವವರು. "ಹೋಗಿದ್ಯಾ ಪುಟ್ಟಿ?" ಅಂದೆ. "ಇಲ್ಲ." "ನಿಜ ಹೇಳು." "ಹೂಂ." "ಹೂಂ ಅಂದ್ರೆ ಹೋಗಿದ್ಯಾ?" "ಹೂಂ." "ಯಾವಾಗ?" "ನಾಳೆ" ಎಂದು ಅತ್ತಳು. ನಿನ್ನೆಗೆ ನಾಳೆ ಅನ್ನುವುದು ಅವಳ ರೂಢಿ. ಶಾಂತಪ್ಪನವರು ಮುಖ ಕೆಳಗೆ ಹಾಕಿದರು. "ಇನ್ನು ಅನುಮಾನ ಇಲ್ಲಮ್ಮ. ಭಾನುವಾರ ಬರ್ತೀನಿ" ಎಂದು ನಮ್ಮ ಗೇಟಿಗೇ ಹುರಿ ಕಟ್ಟಿದರು.

ಆ ರಾತ್ರಿ ಅತ್ತೆ ಮಗುವಿನ ಲಂಗಗಳನ್ನು ಮಡಿಸಿ ಗಂಟು ಕಟ್ಟಿದರು. ನಾನು ಬಿಚ್ಚಿದೆ. ಅವರು ಮತ್ತೆ ಕಟ್ಟಿದರು.

ಶನಿವಾರ ನನ್ನ ಸೆರಗಿನ ತುದಿಯನ್ನು ಕುಸುಮಳ ಸೊಂಟಕ್ಕೆ ಗಂಟು ಹಾಕಿದೆ. ಅವಳು ಎಲ್ಲಿದ್ದಾಳೆಂಬುದೊಂದಾದರೂ ನನಗೆ ಖಚಿತವಾಗಿ ಗೊತ್ತಿರಲಿ ಎಂದು. ಪಾತ್ರೆ ತಿಕ್ಕಿದೆ, ಅಂಗಳ ಗುಡಿಸಿದೆ, ಬಾವಿಯಿಂದ ನೀರು ಸೇದಿದೆ, ಅವಳು ಕರುವಿನ ಹಾಗೆ ಹಿಂದೆಯೇ. ಆಮೇಲೆ ಬೇಳೆ ಆರಿಸಲು ಹಿತ್ತಲಲ್ಲಿ ಕೂತೆ. ಮೊರದಲ್ಲಿದ್ದ ಬಿಳಿ ಬೇಳೆ ನನ್ನ ಕಣ್ಣೆದುರೇ ಒಂದು ಕಡೆಯಿಂದ ಹಳದಿಯಾಗುತ್ತ ಬಂತು. ಮಗು ನನ್ನ ತೊಡೆಗೆ ಒರಗಿಕೊಂಡೇ ಇತ್ತು. "ಜೈನಾಬಿ, ನಿನ್ನ ಬೇಳೆ ನೋಡೇ!" ಎಂದು ಕೂಗಿದೆ. ಅವಳೂ ಮೊರ ಹಿಡಿದುಕೊಂಡೇ ಓಡಿಬಂದಳು. "ಬಿಳಿ ಪದ್ದಕ್ಕ, ಬಿಳಿಯಾಯ್ತು! ಕುಸುಮ ಎಲ್ಲಿ?" ನಾನು ಸೆರಗು ಎತ್ತಿ ತೋರಿಸಿದೆ.

ಇಬ್ಬರೂ ಗೋಡೆಯ ಎರಡೂ ಕಡೆ ಮೊರ ಇಟ್ಟುಕೊಂಡು ನಿಂತೆವು. "ಈಗ?" "ನಂದು ಬಿಳಿ. ನಿಂದು?" "ಹಳದಿ." ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿಲಿಗೆ ಕಣ್ಣು ಕತ್ತಲೆ ಬಂತು. "ಬಂತು ಬಂತು, ನಂಗೆ ಹಳದಿ ಬಂತು!" ಎಂದು ಜೈನಾಬಿ ಕೂಗಿದಳು. ನನ್ನ ಮೊರ ಬೆಳ್ಳಗಾಯಿತು. ಅದೇ ಹೊತ್ತಿಗೆ ಅದರೊಳಕ್ಕೆ ಒಂದು ಬಾದಾಮಿ ಎಲೆ ಬಿತ್ತು. ಇಬ್ಬರೂ ಮೇಲೆ ನೋಡಿದೆವು.

ಕೊಂಬೆಯ ಮೇಲೆ ಒಂದು ಕೋತಿ. ಆ ಕಡೆಯ ಕೊಂಬೆಯಿಂದ ಈ ಕಡೆಯ ಕೊಂಬೆಗೆ ಆಗತಾನೇ ಬಂದು, ಮುಂದೆ ಹೋಗಲಾಗದೆ, ಮುಖವನ್ನು ಕಾಂಡಕ್ಕೆ ಒತ್ತಿಕೊಂಡು ಕೂತಿತ್ತು. ಎದೆಗೆ ಅವಚಿಕೊಂಡ ಮರಿ. ಕೋತಿ ನಮ್ಮನ್ನು ನೋಡಿತು. ಆ ಕಣ್ಣು ನೋಡಿದ ಮೇಲೆ ಹಳದಿ ಎಂದರೆ ಏನೆಂದು ಹೋಲಿಸಲು ನನಗೆ ಬೇರೆ ಏನೂ ಬೇಕಾಗಲಿಲ್ಲ.

ಡಾಕ್ಟರಮ್ಮ ಕಾಲುಚೀಲವನ್ನೂ ಹಾಕಿಕೊಳ್ಳದೆ ಓಡಿಬಂದರು. ಮರದ ಕೆಳಗೆ ನಿಂತು, "ಮರದಲ್ಲಿತ್ತು... ಇಷ್ಟು ವರ್ಷ ನಾನು ಹಡಗು ಎಣಿಸ್ತಾ ಕೂತಿದ್ದೆ, ಇದು ಮರದಲ್ಲಿತ್ತು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅತ್ತೆ ಜಗಲಿಯ ಮೇಲೆ ಕೂತವರು ಏಳಲಿಲ್ಲ. ಮರವನ್ನೇ ನೋಡುತ್ತಿದ್ದರು.

ಭಾನುವಾರ ಸಂಜೆ ಶಾಂತಪ್ಪನವರು ಬಂದರು, ಹಿಂದೆ ಅರ್ಧ ಬೀದಿ ಬಂತು. ನಾನು ಗೋಡೆಯ ವಿಷಯ, ಮೊರದ ವಿಷಯ ಎಲ್ಲ ಹೇಳಿದೆ. ಜೈನಾಬಿ ತನ್ನ ಗೇಟಿನಿಂದ ಸಾಕ್ಷಿ ಹೇಳಿದಳು. ಅವರು ಕೇಳಿಸಿಕೊಂಡು ಹೇಳಿದರು: "ಇರಬಹುದಮ್ಮ. ಇಲ್ಲ ಅನ್ನಲ್ಲ. ಆದ್ರೆ ಮನೆಯವರ ಹೆಸರು ಕೂಗ್ಬೇಕು ಅಂತ ಇದೆ. ಕೋತಿ ಮನೆಯವರಾ? ಹೆಸರು ಕೂಗದೆ ನಾನು ವಾಪಸ್ ಹೋದ್ರೆ ಈ ಜನ ನಾಳೆ ಬಂದು ಮಗೂನ ಎತ್ಕೊಂಡು ಹೋಗ್ತಾರೆ." ಹಿಂದಿನಿಂದ ಯಾರೋ, "ಕೋತಿ ನೆವ ಹೇಳಿ ಮಗು ಬಚ್ಚಿಡ್ತಿದಾರೆ" ಅಂದರು. ನಾನು ಕುಸುಮಳನ್ನು ಎತ್ತಿಕೊಂಡೆ. ಅವಳು ಎಷ್ಟು ಭಾರವಾಗಿದ್ದಾಳೆಂದು ಆಗಲೇ ಗೊತ್ತಾದದ್ದು.

ಅತ್ತೆ ಜಗಲಿಯಿಂದ ಇಳಿದು ಗೇಟಿನ ಹತ್ತಿರ ಬಂದರು. "ಶಾಂತಪ್ಪ, ನಮ್ಮ ಮರದಲ್ಲಿ ಮಲಗಿ, ನಮ್ಮ ಸೊಳ್ಳೆ ಕೈಲಿ ಕಚ್ಚಿಸ್ಕೊಂಡು, ನಮ್ಮ ಅರಿಶಿನ ಬೆಳ್ಳಗೆ ಮಾಡಿದ್ಮೇಲೆ ಅದು ಮನೆಯವರಲ್ದೆ ಇನ್ನೇನು? ನಿನ್ನ ಡಬ್ಬಿಗೆ ಗೊತ್ತಿರೋದು ನಿಂಗೆ ಗೊತ್ತಿಲ್ವಾ? ಕೂಗು." "ಏನಂತ ಕೂಗಲಿ ಅಮ್ಮ? ಅದಕ್ಕೆ ಹೆಸರು ಬೇಡ್ವೇ?" ಅತ್ತೆ ತಡಮಾಡಲಿಲ್ಲ. "ಸುಬ್ಬಿ ಅಂತ ಕೂಗು" ಅಂದರು.

ಶಾಂತಪ್ಪನವರು ಅತ್ತೆಯ ಮುಖ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಮೂರು ಸಲ ಕೂಗಿದರು. ಮೊದಲನೆಯ ಸಲ ಬೀದಿಯವರು ನಕ್ಕರು. ಎರಡನೆಯ ಸಲಕ್ಕೆ ಒಂದಿಬ್ಬರು ಮುದುಕಿಯರು ಅವರನ್ನು ಸುಮ್ಮನಿರಿಸಿದರು. ಮೂರನೆಯ ಸಲ ಯಾರೂ ನಗಲಿಲ್ಲ.

ನಮ್ಮ ಮನೆಯವರು ಮರ ಹತ್ತಿದರು. ಕೋತಿಗೆ ಓಡುವ ಶಕ್ತಿ ಇರಲಿಲ್ಲ. ಹಳೆಯ ದುಪ್ಪಟಿಯಲ್ಲಿ ಸುತ್ತಿ ಕೆಳಗಿಳಿಸಿ, ಮೀನಿನ ದೊಡ್ಡ ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಸೊಳ್ಳೆಬಲೆ ಕಟ್ಟಿದೆವು. ಮರಿಯನ್ನು ಬಿಡಿಸಲು ಡಾಕ್ಟರಮ್ಮ ಕೈ ಹಾಕಿದರು. ಅದು ಬಿಡಲಿಲ್ಲ. ಜೊತೆಗೆ ಯಾರೂ ಹೋಗುವಂತಿಲ್ಲವೆಂದು ಹೇಳಬೇಕಾಗಿದ್ದ ಶಾಂತಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಬುಟ್ಟಿ ಗೇಟು ದಾಟುವವರೆಗೂ ಒರೆಸುತ್ತಲೇ ಇದ್ದರು. ಬುಟ್ಟಿ ದಾಟಿತು. ಕೊರಳಿಗೆ ಕೈ ಹಾಕಿ ದಾರ ಹೊರಗೆಳೆದೆ. ನಮ್ಮ ಮನೆಯವರು ಅದನ್ನು ನೋಡಿ, ಮೂರು ದಿನದಲ್ಲಿ ಮೊದಲ ಸಲ, "ಹಸಿವಾಗ್ತಿದೆ" ಅಂದರು.

ಮುಗಿಯಿತೆಂದು ಹೇಳಲು ಬರುವುದಿಲ್ಲ. ಕೋತಿಯನ್ನು ಕಚ್ಚಿದ ಸೊಳ್ಳೆಗಳು ಇನ್ನೂ ಇರಬಹುದೆಂದು ಡಾಕ್ಟರಮ್ಮ ಮನೆಮನೆಯ ನೀರು ಚೆಲ್ಲಿಸುತ್ತಿದ್ದಾರೆ. ಮಂಚಕ್ಕೆ ಬಲೆ ಕಟ್ಟಿದ್ದೇನೆ, ಇರುವೆ ಬಂದರೆ ಬರಲಿ. ಕುಸುಮಳ ಮೈಯ ಬಿಸುಪು ಇಳಿದಿದೆ. ಇಳಿದದ್ದಕ್ಕೂ ಹೆದರುತ್ತೇನೆ. ದಿಬ್ಬದಿಂದ ಇನ್ನೂ ಸುದ್ದಿ ಬಂದಿಲ್ಲ. ಬೀದಿಯಲ್ಲಿ ಯಾರಾದರೂ ಸಿಕ್ಕರೆ, "ನಿಮ್ಮ ಸುಬ್ಬಿ ಹೇಗಿದಾಳೆ?" ಎಂದು ಕೇಳುತ್ತಾರೆ. ತಮಾಷೆಗೋ ನಿಜಕ್ಕೋ ತಿಳಿಯುವುದಿಲ್ಲ.

ಸುಬ್ಬಿ ಯಾರೆಂದು ನಾನು ಅತ್ತೆಯನ್ನು ಕೇಳಿರಲಿಲ್ಲ. ಇವತ್ತು ಅಕ್ಕಿ ಆರಿಸುತ್ತ ಅವರೇ ಹೇಳಿದರು. "ನನ್ನ ತಂಗಿ. ನಮ್ಮನೇಲೂ ಹೀಗೇ ಆಗಿತ್ತು. ಅರಿಶಿನ ಬಿಳಿ, ಯಾರಿಗೂ ಜ್ವರ ಇಲ್ಲ. ನಮ್ಮವ್ವ ಸುಬ್ಬಿ ಹೆಸರು ಹೇಳಿದ್ಲು. ಕುಣೀತಾ ಹೋದ್ಲು ಅವಳು, ದಿಬ್ಬ ನೋಡ್ಬಹುದು ಅಂತ. ಅಲ್ಲಿ ಜ್ವರ ಬಂತು, ಸತ್ಲು. ನೋಡು, ಅವಳಿಗೇ ಇತ್ತು ಅಂತ ಎಲ್ಲಾರೂ ಅಂದ್ರು. ನಮ್ಮವ್ವಾನೂ ಹಾಗೇ ಅಂದ್ಕೊಂಡೇ ಕಣ್ಮುಚ್ಚಿದ್ಲು." ಕೈ ಅಕ್ಕಿಯಲ್ಲಿ ಹಾಗೆಯೇ ನಿಂತಿತು. "ಆ ಮನೆ ಹಿಂದೆ ಮರ ಇತ್ತಾ ಅಂತ ಜ್ಞಾಪಕ ಮಾಡ್ಕೊಳ್ತಿದೀನಿ ಕಣೆ. ಬಾವಿ ಜ್ಞಾಪಕ ಇದೆ. ಒಗೆಯೋ ಕಲ್ಲು ಜ್ಞಾಪಕ ಇದೆ. ಮರ ಮಾತ್ರ ಬರ್ತಾ ಇಲ್ಲ. ಆ ಕಲ್ಲಿನ ಮೇಲೆ ನೆರಳಲ್ಲಿ ಕೂತು ನಾವಿಬ್ರೂ ಜಡೆ ಹಾಕ್ಕೊಳ್ತಿದ್ವಿ. ಆ ನೆರಳು ಯಾವುದ್ರದ್ದೇ?"

ನಾನು ಆ ಮನೆಯನ್ನು ನೋಡಿದವಳಲ್ಲ. ಅದು ಬಿದ್ದುಹೋಗಿ ಎಷ್ಟೋ ಕಾಲವಾಗಿದೆ. "ಗೋಡೇದಿರ್ಬೇಕು ಅತ್ತೆ" ಅಂದೆ.

ಅತ್ತೆ ಹೌದೆನ್ನುವಂತೆ ತಲೆಯಾಡಿಸಿ, ಎರಡು ಕಲ್ಲು ಆರಿಸಿ ಎಸೆದರು. ಆಮೇಲೆ ನನ್ನ ಕಡೆ ತಿರುಗಿ, "ಮಟಮಟ ಮಧ್ಯಾಹ್ನದಲ್ಲಿ ಗೋಡೆ ನೆರಳಾ?" ಅಂದರು.